ಕೊಡೆ ಗುರುತಿನ ಕುಪ್ಪಮ್ಮ

ಎಂಬತ್ತಾರನೆಯ ಇಸವಿಯ ಪೊಂಗಲ್ ಕಳೆಯುತ್ತಿದ್ದ ಹಾಗೆ ಪಂಚಾಯತ್ ಚುನಾವಣೆ ಬಂತು. ಎಷ್ಟೋ ವರ್ಷಗಳಿಂದ ನಡೆಯದೆ ನಿಂತಿದ್ದ ಚುನಾವಣೆ. ತಮಿಳುನಾಡಿನ ಕಾಂಗೇಯಂ ಪಕ್ಕದ ಕೊಳಿಂಜಿಪಾಳ್ಯದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಮೂವರು ನಿಂತರು. ಒಬ್ಬ ಎಣ್ಣೆ ಮಿಲ್ಲಿನ ಮುದಲಾಳಿ, ಅಂದರೆ ಒಡೆಯ, ನಟರಾಜನ್. ಉಳಿದ ಇಬ್ಬರೂ ಹೆಂಗಸರು, ಇಬ್ಬರ ಹೆಸರೂ ಕುಪ್ಪಮ್ಮ.

ಒಬ್ಬಳನ್ನು ಊರವರು ತೋಟದ ಕುಪ್ಪಮ್ಮ ಎನ್ನುತ್ತಿದ್ದರು. ಗಂಡ ಸತ್ತ ಮೇಲೆ ಬಾವಿ, ಹೊಲ, ದನಗಳನ್ನೆಲ್ಲ ತಾನೇ ನೋಡಿಕೊಂಡು ಬಂದವಳು. ಐವತ್ತು ದಾಟಿದ, ಮಾತು ಕಡಿಮೆ ಆದರೆ ಆಡಿದರೆ ನೇರ ಆಡುವ ಹೆಂಗಸು. ಊರಿನ ದನಗಳು ಕುಂಟೆಗೆ ನೀರಿಗೆ ಹೋಗುವ ಓಣಿಯೊಂದಿತ್ತು. ಎರಡು ವರ್ಷದ ಹಿಂದೆ ನಟರಾಜನ್ ಆ ಓಣಿಗೂ ಪಕ್ಕದ ಗೋಮಾಳಕ್ಕೂ ಸೇರಿಸಿ ಮುಳ್ಳುತಂತಿ ಎಳೆಸಿ, ಕೊಬ್ಬರಿ ಒಣಗಿಸುವ ಕಣ ಮಾಡಿಕೊಂಡಿದ್ದ; ಊರವರ ಬಾಯಲ್ಲಿ ಅದು ಕಳ. ಅಲ್ಲಿಂದ ಮೇಲೆ ದನಗಳು ಲಾರಿ ಓಡುವ ಧಾರಾಪುರದ ರಸ್ತೆ ಸುತ್ತಿ ನೀರಿಗೆ ಹೋಗಬೇಕಾಯಿತು. ಆ ರಸ್ತೆಯಲ್ಲಿ ತೋಟದ ಕುಪ್ಪಮ್ಮನ ಗಬ್ಬದ ಹಸು ಲಾರಿಗೆ ಸಿಕ್ಕು ಸತ್ತಿತು. ಅವಳು ಅಳಲಿಲ್ಲ. ಚುನಾವಣೆ ಎಂದು ಡಂಗುರ ಹೊಡೆದ ದಿನವೇ, ನಾನು ನಿಲ್ಲುತ್ತೇನೆ ಎಂದಳು. ದನ ಇದ್ದವರೆಲ್ಲ ಅವಳ ಕಡೆ ಆದರು. ಅವಳೇ ಗೆಲ್ಲುವುದು ಎಂಬ ಮಾತು ಮಿಲ್ಲಿನೊಳಗೂ ಕೇಳುತ್ತಿತ್ತು.

ಇನ್ನೊಬ್ಬಳು ಕಳದ ಕುಪ್ಪಮ್ಮ. ನಾನು ಹೇಳಹೊರಟಿದ್ದು ಇವಳ ಕಥೆ.

ಇವಳು ನಟರಾಜನ್‌ನ ಕಳದಲ್ಲೇ ಕೂಲಿಯವಳು. ತೆಂಗಿನಕಾಯಿ ಒಡೆದು ಹೋಳುಗಳನ್ನು ಬಿಸಿಲಿಗೆ ಹರಡುವುದು, ಒಣಗಿದ ಮೇಲೆ ಕರಟದಿಂದ ಕೊಬ್ಬರಿ ಬಿಡಿಸುವುದು, ಮೋಡ ಕಂಡರೆ ಓಡಿ ಗುಡ್ಡೆ ಹಾಕುವುದು, ಇದೇ ಕೆಲಸ. ಗಂಡ ಚಿನ್ನಸಾಮಿ ಸ್ವಂತ ಗಾಡಿ ಕಟ್ಟಿ ತೋಟಗಳಿಂದ ಮಿಲ್ಲಿಗೆ ಕಾಯಿ ಸಾಗಿಸುತ್ತಿದ್ದ. ಕಳದಲ್ಲಿ ಮರವಿರಲಿಲ್ಲ, ಚಪ್ಪರವಿರಲಿಲ್ಲ. ಹಸುಗೂಸಿನ ತಾಯಂದಿರು ಮಗುವನ್ನು ಗಾಡಿಯ ಅಡಿಯಲ್ಲಿ ಮಲಗಿಸಿ ಕೆಲಸ ಮಾಡುತ್ತಿದ್ದರು. ಗಾಡಿ ಹೊರಟರೆ ಮಗುವನ್ನು ಎತ್ತಿಕೊಂಡು ಇನ್ನೊಂದು ಗಾಡಿಯ ಅಡಿಗೆ. ಈ ವಿಷಯಕ್ಕೆ ಮೇಸ್ತ್ರಿ ಮಾರಿಮುತ್ತುವಿನ ಜೊತೆ ಜಗಳವಾಡುತ್ತಿದ್ದವಳು ಕುಪ್ಪಮ್ಮ ಒಬ್ಬಳೇ. ಬಾಯಿ ಜೋರು ಎಂದು ಹೆಸರಾಗಿತ್ತು.

ನಾಮಪತ್ರ ಹಾಕುವ ದಿನಗಳಲ್ಲಿ ಒಂದು ಬೆಳಿಗ್ಗೆ ಮುದಲಾಳಿ ಅವಳನ್ನು ಕರೆಸಿದ. ಮಿಲ್ಲಿನ ಆಫೀಸಿನ ಒಳಗೆ ಕರೆದು, ಬೆಂಚು ತೋರಿಸಿ ಕೂತುಕೋ ಎಂದ. ನಟರಾಜನ್‌ನ ಮನೆಮಾತೂ ಕುಪ್ಪಮ್ಮನ ಮನೆಯವರ ಹಾಗೆ ಕನ್ನಡವೇ. ಅವನ ಅಜ್ಜ ಇವರ ಅಜ್ಜಂದಿರ ಹಾಗೆಯೇ ನೇಗಿಲು ಹಿಡಿದವನು. ಆದರೆ ಮಿಲ್ಲು ಹಾಕಿದ ಮೇಲೆ ಬೈಯುವುದಕ್ಕೆಲ್ಲ ಅವನಿಗೆ ತಮಿಳೇ ಬರುತ್ತಿತ್ತು. ಕನ್ನಡ ಆಡಿದರೆ ಏನೋ ಕೆಲಸ ಆಗಬೇಕಾಗಿದೆ ಎಂದೇ ಅರ್ಥ. ಅವತ್ತು ಕನ್ನಡದಲ್ಲೇ ಶುರು ಮಾಡಿದ.

“ಅಮ್ಮಣಿ, ಆ ತೋಟದವಳು ಗೆದ್ರೆ ಮೊದಲು ಬೇಲಿ ಕೀಳಿಸ್ತಾಳೆ. ಕಳ ಹೋಗ್ತದೆ. ಕಳ ಹೋದ್ರೆ ನೀವೆಲ್ಲ ಎಲ್ಲಿಗೆ ಹೋಗ್ತೀರಿ?”

“ಅದಕ್ಕೆ ನಾನೇನು ಮಾಡ್ಲಿ ಮುದಲಾಳಿ?”

“ನೀನೂ ನಿಲ್ಲು.”

ಕುಪ್ಪಮ್ಮ ನಕ್ಕೇಬಿಟ್ಟಳು. ಅವನು ನಗಲಿಲ್ಲ.

“ನೀವೇ ನಿಂತಿದೀರಲ್ಲ” ಎಂದಳು.

“ನಾನು ಮಿಲ್ಲಿನ ಕಡೆಯಿಂದ. ನೀನು ಕಳದ ಹೆಂಗಸರ ಕಡೆಯಿಂದ. ಯಾರು ಗೆದ್ರೂ ಕಳ ಉಳೀತದೆ. ನಿನಗೆ ಬಾಯಿದೆ, ಧೈರ್ಯ ಇದೆ. ಇಷ್ಟು ಹೆಂಗಸರಲ್ಲಿ ಇನ್ಯಾರಿಗಿದೆ ಹೇಳು.”

ಆ ಮಾತು ಅವಳ ಮನಸ್ಸಿಗೆ ಹಿಡಿಸಿತು. ಇಷ್ಟು ದಿನ ಯಾವ ಬಾಯಿಗಾಗಿ ಬೈಸಿಕೊಂಡಿದ್ದಳೋ ಅದನ್ನೇ ಮುದಲಾಳಿ ಹೊಗಳುತ್ತಿದ್ದಾನೆ. ಮನೆಗೆ ಬಂದು ಚಿನ್ನಸಾಮಿಗೆ ಹೇಳಿದಳು. ಅವನು ಎತ್ತಿಗೆ ಹುಲ್ಲು ಹಾಕುತ್ತಿದ್ದವನು ಹಾಗೇ ನಿಂತ.

“ನಮಗೆಲ್ಲ ಯಾತಕ್ಕೆ ಅದು?” ಎಂದ.

“ಯಾತಕ್ಕೆ ಅಂದ್ರೆ? ಗೆದ್ರೆ ಕಳದಲ್ಲಿ ಒಂದು ಚಪ್ಪರ ಹಾಕಿಸ್ತೀನಿ ಮಾವ. ಒಂದು ನಲ್ಲಿ ಹಾಕಿಸ್ತೀನಿ. ಸಾಕು, ಆಮೇಲೆ ಅವರೇ ಇಟ್ಕೊಳ್ಳಲಿ ಪದವಿನ.”

ಗಂಡನನ್ನು ಅವಳು ಮಾವ ಎಂದೇ ಕರೆಯುತ್ತಿದ್ದಳು. ಚಿನ್ನಸಾಮಿ ಕೈಯಲ್ಲಿದ್ದ ಹುಲ್ಲನ್ನು ಎತ್ತಿನ ಮುಂದೆ ಹಾಕಿ, “ಗೋಡೆ ಮೇಲೆಲ್ಲ ನಿನ್ ಹೆಸರು ಬರೀತಾರಾ?” ಎಂದು ಕೇಳಿದ. ಕೇಳಿದ ರೀತಿಯಲ್ಲೇ ಅವನಿಗೂ ಆಸೆಯಾಗಿದೆ ಎಂದು ಅವಳಿಗೆ ಗೊತ್ತಾಯಿತು.

ಮಿಲ್ಲಿನ ಕಾರಿನಲ್ಲೇ ಅವಳನ್ನು ಕಾಂಗೇಯಂಗೆ ಕರೆದುಕೊಂಡು ಹೋದರು. ಡೆಪಾಸಿಟ್ಟನ್ನು ಮಾರಿಮುತ್ತುವೇ ಕಟ್ಟಿದ. ಸೂಚಕರಾಗಿ ರುಜು ಹಾಕಿದವರೂ ಮಿಲ್ಲಿನವರೇ. ಪಕ್ಷದ ಚಿಹ್ನೆಗಳಿಗೆ ಅಲ್ಲಿ ಕೆಲಸವಿರಲಿಲ್ಲ, ಎಲ್ಲರೂ ಸುಯೇಚ್ಚೆಗಳೇ, ಅಂದರೆ ಪಕ್ಷೇತರರೇ. ಸರ್ಕಾರದ ಪಟ್ಟಿಯಿಂದ ಒಂದೊಂದು ಗುರುತು ಆರಿಸಿಕೊಳ್ಳಬೇಕಿತ್ತು. ತೋಟದ ಕುಪ್ಪಮ್ಮನಿಗೆ ಮರ ಸಿಕ್ಕಿತು, ನಟರಾಜನ್‌ಗೆ ತಕ್ಕಡಿ. ಕಳದ ಕುಪ್ಪಮ್ಮ ಬಾಯಿ ತೆರೆಯುವ ಮೊದಲೇ ಮಾರಿಮುತ್ತು, “ಈಯಮ್ಮನಿಗೆ ಕೊಡೆ ಕೊಡಿ ಸಾರ್” ಎಂದ. ಅವಳಿಗೆ ಅದೂ ಸಂತೋಷವೇ ಆಯಿತು. ನೆರಳು ಕೇಳುವವಳಿಗೆ ಕೊಡೆಗಿಂತ ಒಳ್ಳೆಯ ಗುರುತು ಯಾವುದು?

ಅವತ್ತಿನಿಂದ ಸಂಜೆ ಕಳದ ಕೆಲಸ ಮುಗಿದ ಮೇಲೆ ಬೀದಿ ಬೀದಿಗೆ ಹೋಗತೊಡಗಿದಳು. ಕನ್ನಡ ಮಾತಾಡುವ ಮನೆಗಳಲ್ಲಿ ಕನ್ನಡ, ಮೇಲಿನ ಬೀದಿಯಲ್ಲಿ ತಮಿಳು. ಚಪ್ಪರ, ನಲ್ಲಿ, ಮಕ್ಕಳನ್ನು ಮಲಗಿಸಲು ಒಂದು ಜಾಗ, ಇಷ್ಟೇ ಅವಳು ಹೇಳುತ್ತಿದ್ದುದು. ಕೆಲವರು ಕೂರಿಸಿ ಕೇಳಿದರು, ಕೆಲವರು ಬಾಗಿಲಲ್ಲೇ ನಕ್ಕರು. ಆ ನಗು ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಮೂರನೆಯ ಸಂಜೆ ಮಾರಿಮುತ್ತು ದಾರಿಗೆ ಅಡ್ಡ ಬಂದ.

“ಎಲ್ಲಿಗೆ ಹೊರಟೆ?”

“ಓಟು ಕೇಳೋಕೆ.”

“ನೀನು ಓಟು ಕೇಳೋದು ಬೇಡ. ಅದೆಲ್ಲ ನಾವು ನೋಡ್ಕೋತೀವಿ. ಮನೇಲಿರು.”

ಓಟಿಗೆ ನಿಂತವಳು ಓಟು ಕೇಳಬಾರದೇ? ಮಾರನೆಯ ದಿನ ಕಾಯಿ ಒಡೆಯುತ್ತ ಇದನ್ನು ಪಕ್ಕದಲ್ಲಿದ್ದ ಮಾರಿಯಮ್ಮನಿಗೆ ಹೇಳಿದಳು. ಮಾರಿಯಮ್ಮ ಅವಳ ಜೊತೆಗಾರ್ತಿ, ಹುಡುಗಿಯಾಗಿದ್ದಾಗಿನಿಂದ ಜೊತೆಗೆ ಕೂಲಿ ಮಾಡಿದವಳು. ಅವಳು ಕತ್ತಿ ಕೆಳಗಿಟ್ಟು ತಲೆ ತಗ್ಗಿಸಿದಳು.

“ಟೀ ಅಂಗಡೀಲಿ ನಿನ್ನ ಏನಂತಾರೆ ಗೊತ್ತಾ ಅಕ್ಕ? ಡಮ್ಮಿ ಅಂತಾರೆ.”

“ಅಂದ್ರೆ?”

“ಗೆಲ್ಲೋಕೆ ನಿಲ್ಲಿಸಿದ್ದಲ್ಲ ನಿನ್ನ. ಆ ಕುಪ್ಪಮ್ಮನ ಓಟು ಒಡೆಯೋಕೆ. ಹೆಸರು ಒಂದೇ. ಮರ, ಕೊಡೆ ಎರಡೂ ನೋಡೋಕೆ ಒಂದೇ ಥರ, ಕೆಳಗೆ ಒಂದು ಕಡ್ಡಿ, ಮೇಲೆ ಗುಂಡಗೆ. ಕಣ್ಣು ಮಂಜಾದ ಮುದುಕಿ ಮರ ಅಂದ್ಕೊಂಡು ಕೊಡೆಗೆ ಮುದ್ರೆ ಕುತ್ತಿ ಬರ್ತಾಳೆ. ಅಷ್ಟೇ ಅವರಿಗೆ ಬೇಕು.”

“ಪೊಯ್ ಹೇಳ್ಬೇಡ” ಎಂದಳು ಕುಪ್ಪಮ್ಮ. ಸುಳ್ಳು ಎಂದು ಅವಳಿಗೂ ಅನ್ನಿಸಿರಲಿಲ್ಲ. ಆದರೂ ಬೇರೆಯವರ ಬಾಯಿಂದ ಕೇಳಿ ನಂಬುವವಳಲ್ಲ ಅವಳು. ತಾನೇ ನೋಡಬೇಕಿತ್ತು.

ಅದಕ್ಕೆ ಅವಕಾಶ ಬೇಗ ಸಿಕ್ಕಿತು. ಅವಳ ಹೆಸರಿನ ನೋಟೀಸುಗಳು ಅಚ್ಚಾಗಿ ಬಂದವು. ತೋಟದ ಕುಪ್ಪಮ್ಮನ ನೋಟೀಸು ಹಸಿರು ಕಾಗದದ್ದು, ಇವೂ ಹಸಿರೇ. ಅವಳಿಗೆ ಓದು ಬರದಿದ್ದರೂ ಬಣ್ಣ ಕಾಣುತ್ತಿತ್ತು. ಮಾರಿಮುತ್ತುವಿನ ಹತ್ತಿರ ಹೋಗಿ ಮೆತ್ತಗೆ ಕೇಳಿದಳು.

“ಇದರಲ್ಲಿ ಏನು ಬರೆದಿದೆ ಅಣ್ಣ?”

“ಕುಪ್ಪಮ್ಮನಿಗೆ ಓಟು ಹಾಕಿ ಅಂತ.”

“ಯಾವ ಕುಪ್ಪಮ್ಮ ಅಂತ ಜನಕ್ಕೆ ಗೊತ್ತಾಗ್ಬೇಕಲ್ಲ. ಕಳದ ಕುಪ್ಪಮ್ಮ ಅಂತ ಹಾಕ್ಸಿ. ಚಿನ್ನಸಾಮಿ ಹೆಂಡತಿ ಅಂತಾನೂ ಹಾಕ್ಸಿ.”

ಮಾರಿಮುತ್ತು ಬೆಚ್ಚಿದ. “ಬೇಡ ಬೇಡ! ಬರೀ ಕುಪ್ಪಮ್ಮ ಅಂದ್ರೆ ಸಾಕು.”

“ಯಾಕೆ ಬೇಡ? ನಾನೇ ಅಂತ ಗೊತ್ತಾದ್ರೆ ತಾನೆ ನನಗೆ ಓಟು ಹಾಕೋದು?”

ಮಾರಿಮುತ್ತು ಉಳಿದ ನೋಟೀಸಿನ ಕಟ್ಟನ್ನು ಕಂಕುಳಿಗೆ ಸೇರಿಸಿ ಬೆನ್ನು ತಿರುಗಿಸಿದ. ಕುಪ್ಪಮ್ಮನಿಗೆ ಇನ್ನು ಯಾರೂ ಏನೂ ಹೇಳಬೇಕಾಗಿರಲಿಲ್ಲ. ಗೆಲ್ಲಿಸುವ ಮನಸ್ಸಿದ್ದವರು ಮುಖ ತೋರಿಸುತ್ತಾರೆ, ಇವರು ಮುಚ್ಚಿಡುತ್ತಿದ್ದಾರೆ. ಕೈಯಲ್ಲಿದ್ದ ಹಸಿರು ಕಾಗದಗಳನ್ನು ಹಿಡಿದುಕೊಂಡೇ ಅವಳು ನೇರ ಮುದಲಾಳಿಯ ಆಫೀಸಿನ ಬಾಗಿಲಿಗೆ ಹೋಗಿ ನಿಂತಳು.

“ಮುದಲಾಳಿ, ನೀವು ನಿಜವಾಗಿ ನನ್ನ ಗೆಲ್ಲೋಕೆ ನಿಲ್ಲಿಸಿದ್ದಾ?”

ನಟರಾಜನ್ ಯಾರದೋ ಜೊತೆ ಮಾತಾಡುತ್ತಿದ್ದ. ತಿರುಗಿ ನೋಡಿದ. ಈ ಸಲ ತಮಿಳು ಬಂತು.

“ನಿನ್ನ ಹೆಸರು ಸಾಕು, ಬಾಯಿ ಬೇಡ. ಹೋಗಿ ಕೆಲಸ ನೋಡು.”

ಕೂತಿದ್ದವನು ನಕ್ಕ. ಕುಪ್ಪಮ್ಮ ಕಾಗದಗಳನ್ನು ಅಲ್ಲೇ ಹೊಸ್ತಿಲ ಮೇಲೆ ಬಿಟ್ಟು ಬಂದಳು.

ಆ ಸಂಜೆ ಅವಳು ಒಲೆ ಹಚ್ಚಲಿಲ್ಲ. ಚಿನ್ನಸಾಮಿ ಬಂದು ನೋಡಿದಾಗ ಗೋಡೆಗೊರಗಿ ಕೂತಿದ್ದಳು. ನಡೆದದ್ದನ್ನು ಕೇಳಿ ಅವನೂ ಎದುರಿಗೆ ಕೂತ.

“ನನಗೆ ಮೊದಲೇ ತೋಚ್ಬೇಕಿತ್ತು” ಎಂದ.

“ನನಗೂ ತೋಚ್ಬೇಕಿತ್ತು. ಬೆಂಚಿನ ಮೇಲೆ ಕೂರಿಸಿದ್ರಲ್ಲ, ಬುದ್ಧಿ ಅಲ್ಲೇ ಹೋಯ್ತು.” ಎದ್ದು ಸೆರಗು ಸರಿಮಾಡಿಕೊಳ್ಳುತ್ತ, “ಹೆಸರು ಬೇಕಂತೆ, ನಾನು ಬೇಡವಂತೆ” ಎಂದಳು. ಅವಮಾನಕ್ಕಿಂತ ಸಿಟ್ಟು ಹೆಚ್ಚಾಗಿತ್ತು. “ನಾಳೆ ಗಾಡಿ ಕಟ್ಟು. ಕಾಂಗೇಯಂಗೆ ಹೋಗಿ ಹೆಸರು ತೆಗೆಸಿ ಬರೋಣ.”

ಕಾಂಗೇಯಂನ ಕಚೇರಿಯಲ್ಲಿ ಅಧಿಕಾರಿ ಒಳ್ಳೆಯವನೇ. ಅವಳ ಮಾತನ್ನೆಲ್ಲ ಕೇಳಿದ. ಆದರೆ ವಾಪಸು ತೆಗೆದುಕೊಳ್ಳುವ ದಿನ ದಾಟಿಹೋಗಿದೆ ಎಂದ.

“ಓಟಿನ ಕಾಗದ ಅಚ್ಚಿಗೆ ಹೋಗಿದೆಯಮ್ಮ. ನಿಮ್ಮ ಹೆಸರು, ಕೊಡೆ ಎರಡೂ ಅದರಲ್ಲಿ ಇದ್ದೇ ಇರ್ತವೆ. ಈಗ ಯಾರೂ ಏನೂ ಮಾಡಕ್ಕಾಗಲ್ಲ.”

“ಹಂಗಾದ್ರೆ ನಾನು ಬೇಡ ಅಂದ್ರೂ ಜನ ನನಗೆ ಕುತ್ತಬಹುದು?”

“ಕುತ್ತಬಹುದು.”

“ನನಗೆ ಕುತ್ತಬೇಡಿ ಅಂತ ನಾನೇ ಹೇಳಬಹುದಾ?”

ಅಧಿಕಾರಿ ಕನ್ನಡಕ ತೆಗೆದು ಅವಳನ್ನು ನೋಡಿದ. ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿದ ಹಾಗಿರಲಿಲ್ಲ. “ಹೇಳಬಾರದು ಅಂತ ಯಾವ ಕಾನೂನೂ ಇಲ್ಲ” ಎಂದ.

ಊರು ಹತ್ತಿರವಾದಾಗ ಚಿನ್ನಸಾಮಿಯ ಭುಜ ಮುಟ್ಟಿ, “ಗಾಡೀನ ತೋಟದ ಕಡೆ ತಿರುಗಿಸು” ಎಂದಳು.

ತೋಟದ ಕುಪ್ಪಮ್ಮ ಕೊಟ್ಟಿಗೆಯ ಮುಂದೆ ಹಿಂಡಿ ಕಲಸುತ್ತಿದ್ದಳು. ಗಾಡಿಯಿಂದ ಇಳಿದವಳು ಯಾರೆಂದು ನೋಡಿ, ಕೈ ತೊಳೆಯಲೂ ಇಲ್ಲ, ಏಳಲೂ ಇಲ್ಲ.

“ಏನು ಬಂದೆ? ನನ್ನ ಹೆಸರು ಇಟ್ಕೊಂಡು ನನ್ನ ಮನೆಗೇ ಓಟು ಕೇಳೋಕಾ?”

“ನಿಮ್ಮ ಹೆಸರಲ್ಲ ಅಕ್ಕ. ನನಗೆ ನಮ್ಮಪ್ಪ ಇಟ್ಟಿದ್ದು.”

“ಅಪ್ಪ ಇಟ್ಟಿದ್ದನ್ನ ಮಿಲ್ಲಿನವನಿಗೆ ಕೊಟ್ಟೆ.”

ಆ ಮಾತು ಕೇಳಿ ಕಳದ ಕುಪ್ಪಮ್ಮ ತಿರುಗಿ ಹೊರಡುವುದರಲ್ಲಿದ್ದಳು. ಚಿನ್ನಸಾಮಿ ಗಾಡಿಯ ಮೇಲಿಂದಲೇ, “ನಿಲ್ಲು, ಬಂದ ಮಾತು ಆಡಿ ಬಾ” ಎಂದ. ಅವಳು ನಿಂತಳು.

“ಕೊಟ್ಟಿದ್ದು ಹೌದು. ಗೊತ್ತಿಲ್ದೆ ಕೊಟ್ಟೆ. ಕಳ ಹೋಗ್ತದೆ, ನಿಂತು ಉಳಿಸ್ಕೋ ಅಂದ್ರು. ನಂಬಿದೆ. ಈಗ ಗೊತ್ತಾಗಿದೆ. ಹೆಸರು ತೆಗೆಸೋಕೆ ಹೋದೆ, ಆಗಲ್ಲ ಅಂದ್ರು. ಅದಕ್ಕೆ ಮನೆ ಮನೆಗೆ ಹೋಗಿ ಕೊಡೆಗೆ ಕುತ್ತಬೇಡಿ ಅಂತ ನಾನೇ ಹೇಳ್ತೀನಿ.”

ತೋಟದ ಕುಪ್ಪಮ್ಮನ ಕೈ ಹಿಂಡಿಯಲ್ಲೇ ನಿಂತಿತು.

“ಆದ್ರೆ ಒಂದು ಕೇಳ್ಬೇಕು” ಎಂದಳು ಇವಳು. “ನೀವು ಗೆದ್ರೆ ಕಳಾನ ಏನು ಮಾಡ್ತೀರಿ? ನಾವು ಇಷ್ಟು ಹೆಂಗಸರು ಅಲ್ಲೇ ದುಡಿಯೋರು. ನಿಮಗೆ ದನ ಇದೆ, ನಮಗೆ ಆ ಬಿಸಿಲೊಂದೇ ಇರೋದು.”

“ಓಣಿ ನನಗೆ ಬೇಕು. ಅದು ಊರಿಂದು.”

“ಓಣಿ ತಗೊಳ್ಳಿ. ಬೇಲೀನ ಅಷ್ಟು ಹಿಂದಕ್ಕೆ ಹಾಕಿಸಿ. ಉಳಿದ ಕಳಾನ ಮುಟ್ಟಬೇಡಿ. ಊರಿನ ಜಾಗ ಇಟ್ಕೊಂಡಿದಾನಲ್ಲ, ಅದಕ್ಕೆ ಅವನ ಕೈಲೇ ಚಪ್ಪರ ಹಾಕಿಸಿ, ನೀರು ಕೊಡಿಸಿ. ಹೂಂ ಅಂದ್ರೆ ನಾನು ಊರೆಲ್ಲ ತಿರುಗ್ತೀನಿ. ಇಲ್ಲ ಅಂದ್ರೆ ನಾನು ಯಾರ ಕಡೇನೂ ಅಲ್ಲ.”

ತೋಟದ ಕುಪ್ಪಮ್ಮ ಅವಳನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಎದ್ದು, ಬಾನಿಯಲ್ಲಿ ಕೈ ತೊಳೆದುಕೊಂಡು, ಒಳಗಿಂದ ಒಂದು ಚೊಂಬು ಮಜ್ಜಿಗೆ ತಂದು ಕೊಟ್ಟಳು.

“ಹೂಂ” ಎಂದಳು. “ನಿನ್ನಷ್ಟು ಮಾತು ಬರಲ್ಲ ನನಗೆ. ಒಟ್ಟಿಗೇ ಹೋಗೋಣ. ಜನ ಇಬ್ಬರ ಮುಖಾನೂ ನೋಡಲಿ.”

ಹೀಗೆ ಕೊಳಿಂಜಿಪಾಳ್ಯದವರು ಹಿಂದೆಂದೂ ಕಾಣದ ಪ್ರಚಾರವೊಂದನ್ನು ಕಂಡರು. ಎದುರಾಳಿಗಳಿಬ್ಬರು ಒಂದೇ ಬೀದಿಯಲ್ಲಿ ಅಕ್ಕಪಕ್ಕ ನಡೆದು ಬಂದರು. ಕಳದ ಕುಪ್ಪಮ್ಮನ ಕೈಯಲ್ಲಿ ಗಂಡನ ಹಳೆಯ ಕರಿ ಕೊಡೆ. ಪ್ರತಿ ಮನೆಯ ಮುಂದೆ ಅದನ್ನು ಬಿಚ್ಚಿ ಎತ್ತಿ ಹಿಡಿದು ಹೇಳುತ್ತಿದ್ದಳು:

“ನೋಡಿ, ಇದು ಕೊಡೆ. ಇದು ನಾನು, ಕಳದ ಕುಪ್ಪಮ್ಮ. ನನಗೆ ಕುತ್ತಬೇಡಿ. ಇವರು ತೋಟದ ಕುಪ್ಪಮ್ಮ. ಇವರದು ಮರ. ಕೊಡೆಗೆ ಹಿಡಿ ಇದೆ, ಕೆಳಗೆ ಕೊಕ್ಕೆ ಥರ ಬಗ್ಗಿದೆ, ನೋಡ್ಕೊಳ್ಳಿ. ಮರಕ್ಕೆ ಕೊಕ್ಕೆ ಇಲ್ಲ. ಕೊಕ್ಕೆ ಕಂಡ್ರೆ ಅಲ್ಲಿ ಕುತ್ತಬೇಡಿ.”

ಮೊದಲ ದಿನ ಜನ ನಕ್ಕರು. ಹುಚ್ಚು ಹಿಡಿದಿದೆ ಎಂದರು. ಟೀ ಅಂಗಡಿಯ ಮುಂದೆ ಒಬ್ಬ, “ಏನಮ್ಮಾ, ಡಮ್ಮಿಗೂ ರೋಷ ಬಂತಾ?” ಎಂದು ಕೂಗಿದ. ಅವಳು ನೇರ ಅಂಗಡಿಯೊಳಕ್ಕೇ ನಡೆದಳು. ಹೆಂಗಸರು ಕಾಲಿಡದ ಅಂಗಡಿ ಅದು.

“ಬಂತು” ಎಂದಳು ತಮಿಳಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. “ಡಮ್ಮಿ ಅಂತ ನಿಮಗೆಲ್ಲ ಮೊದಲೇ ಗೊತ್ತಿತ್ತು, ಅಲ್ವಾ? ಇಲ್ಲಿ ಕೂತು ನಕ್ಕಿರಿ. ನನ್ನ ಹತ್ತಿರ ಬಂದು ಒಬ್ಬರಾದ್ರೂ ಹೇಳಿದ್ರಾ? ನಾನು ಮೋಸಹೋದೆ, ನೀವು ನೋಡ್ತಾ ಕೂತಿರಿ. ಯಾರಿಗೆ ನಾಚಿಕೆ ಆಗ್ಬೇಕು ಈಗ?”

ಅಂಗಡಿಯವನು ಅವಳಿಗೊಂದು ಟೀ ಹಾಕಿಕೊಟ್ಟ. ಅವಳು ಕುಡಿಯದೆ ಹೊರಗೆ ಬಂದಳು. ಮರುದಿನದಿಂದ ನಗುವವರು ಕಡಿಮೆಯಾದರು. ಮುದುಕಿಯರು ಕೊಡೆಯನ್ನು ಕೈಗೆ ತೆಗೆದುಕೊಂಡು, ಕೊಕ್ಕೆ ಸವರಿ ನೋಡಿ, ಗುರುತು ಮಾಡಿಕೊಂಡರು.

ಆದರೆ ಒಳಗೆ ಅವಳಿಗೆ ನೋವಿಲ್ಲದಿರಲಿಲ್ಲ. ಮೇಲಿನ ಬೀದಿಯ ಗೋಡೆಯೊಂದರ ಮೇಲೆ ಸುಣ್ಣದ ಮೇಲೆ ನೀಲಿಯಲ್ಲಿ ಅವಳ ಹೆಸರು ಬರೆಸಿದ್ದರು. ಅದರ ಮುಂದೆ ಹಾದುಹೋಗುವಾಗಲೆಲ್ಲ ಚಿನ್ನಸಾಮಿ ಆ ಕಡೆ ನೋಡದೆ ನಡೆಯುತ್ತಿದ್ದ. ಅವನೂ ಜೊತೆಗೆ ಬರುತ್ತಿದ್ದ, ಹಿಂದಿನಿಂದ, ಮಾತಿಲ್ಲದೆ. ಒಮ್ಮೆ ಅವಳೇ ನಿಂತು, “ಚೆನ್ನಾಗಿ ಬರೆದಿದಾರೆ ಅಲ್ವಾ ಮಾವ?” ಎಂದಳು. ಅವನು ತಲೆಯಾಡಿಸಿದ. ಇಬ್ಬರಿಗೂ ಓದು ಬರುತ್ತಿರಲಿಲ್ಲ.

ಸುದ್ದಿ ಮಿಲ್ಲಿಗೆ ತಲುಪದೆ ಇರುತ್ತದೆಯೇ? ಓಟಿನ ಹಿಂದಿನ ದಿನ ಮಧ್ಯಾಹ್ನ, ಕಳದ ತುಂಬ ಹೆಂಗಸರು ಕೊಬ್ಬರಿ ತಿರುವುತ್ತಿದ್ದಾಗ ನಟರಾಜನ್‌ನ ಕಾರು ಬಂತು. ಇಳಿದವನು ನೇರ ಕುಪ್ಪಮ್ಮನ ಮುಂದೆ ಬಂದು ನಿಂತ. ಹಿಂದೆಯೇ ಮಾರಿಮುತ್ತು.

“ನನ್ನ ಉಪ್ಪು ತಿಂದು ನನಗೇ ದ್ರೋಹ ಮಾಡ್ತೀಯಾ?”

ಕೆಲಸ ನಿಂತಿತು. ಕುಪ್ಪಮ್ಮ ಕೈಯಲ್ಲಿದ್ದ ಕೊಬ್ಬರಿ ಹೋಳುಗಳನ್ನು ಕೆಳಗಿಟ್ಟು ನೆಟ್ಟಗೆ ನಿಂತಳು.

“ಯಾವ ಉಪ್ಪು ಮುದಲಾಳಿ? ಕೆಲಸ ಮಾಡಿದೀನಿ, ಕೂಲಿ ಇಸ್ಕೊಂಡಿದೀನಿ. ನಮ್ಮ ಲೆಕ್ಕ ದಿನಾ ಸಾಯಂಕಾಲ ತೀರಿದೆ. ನನ್ನ ಹೆಸರಿಗೆ ಮಾತ್ರ ನೀವು ಕೂಲಿ ಕೊಟ್ಟಿರಲಿಲ್ಲ. ಅದು ನಂದು. ನಾನು ವಾಪಸ್ ತಗೊಂಡೆ.”

“ನಾಳೆಯಿಂದ ಈ ಕಳದೊಳಗೆ ಕಾಲಿಡಬೇಡ. ನಿನ್ನ ಗಂಡನ ಗಾಡಿಗೂ ಇಲ್ಲಿ ಬಾಡಿಗೆ ಇಲ್ಲ.”

“ಸರಿ. ಆದ್ರೆ ಇವತ್ತು ಪೂರ್ತಿ ದಿನ ಕೆಲಸ ಮಾಡಿಯೇ ಹೋಗೋದು. ಅರ್ಧ ದಿನದಲ್ಲಿ ಎದ್ದು ಹೋದಳು ಅಂತ ಹೇಳಿಸ್ಕೊಳ್ಳೋಕೆ ನಾನು ತಯಾರಿಲ್ಲ.”

ಮಾತು ಮುಗಿಸಿ ಅವಳು ಕೂತು ಮತ್ತೆ ಹೋಳು ತಿರುವತೊಡಗಿದಳು. ನಟರಾಜನ್ ಬಾಯಿಗೆ ಬಂದ ಹಾಗೆ ಬೈದ. ಅವಳು ತಲೆ ಎತ್ತಲಿಲ್ಲ. ಉಳಿದ ಹೆಂಗಸರು ಅವಳ ಪರವಾಗಿ ಒಂದು ಮಾತೂ ಆಡಲಿಲ್ಲ. ಆಡಿದರೆ ಅವರ ಕೆಲಸವೂ ಹೋಗುತ್ತಿತ್ತು, ಮನೆಯಲ್ಲಿ ಮಕ್ಕಳಿದ್ದವು. ಆದರೆ ಕಾರು ಹೋದ ಮೇಲೆ ಮಾರಿಯಮ್ಮ ತಾನಿದ್ದ ಸಾಲು ಬಿಟ್ಟು ಬಂದು ಕುಪ್ಪಮ್ಮನ ಪಕ್ಕ ಕೂತಳು. ಆಮೇಲೆ ಇನ್ನೊಬ್ಬಳು ಬಂದಳು. ಸಂಜೆಯ ಹೊತ್ತಿಗೆ ಕಳದ ಹೆಂಗಸರೆಲ್ಲ ಆ ಒಂದು ಮೂಲೆಯಲ್ಲೇ ಇದ್ದರು. ಮಾರಿಮುತ್ತು ದೂರದಲ್ಲಿ ನಿಂತು ಬೀಡಿ ಸೇದುತ್ತಿದ್ದ.

ಮರುದಿನ ಶಾಲೆಯಲ್ಲಿ ಓಟು. ಕುಪ್ಪಮ್ಮ ಸಾಲಿನಲ್ಲಿ ನಿಂತು, ಬೆರಳಿಗೆ ಮಸಿ ಹಾಕಿಸಿಕೊಂಡು, ಕಾಗದ ತೆಗೆದುಕೊಂಡು ಮರೆಯ ಹಿಂದೆ ಹೋದಳು. ಕಾಗದದಲ್ಲಿ ಮೇಲೆ ತಕ್ಕಡಿ, ಆಮೇಲೆ ಮರ, ಅದರ ಕೆಳಗೇ ಕೊಡೆ. ಅಚ್ಚಿನ ಮಸಿ ಹರಡಿ ಎರಡೂ ನಿಜಕ್ಕೂ ಅಕ್ಕತಂಗಿಯರ ಹಾಗೆ ಕಾಣುತ್ತಿದ್ದವು. ಕೊಡೆಯ ಪಕ್ಕದಲ್ಲಿದ್ದ ಅಕ್ಷರಗಳನ್ನು ಅವಳು ನೋಡಿದಳು. ಸರ್ಕಾರ ಅಚ್ಚು ಹಾಕಿಸಿದ ಹೆಸರು. ಊರಿನ ಪ್ರತಿಯೊಬ್ಬರ ಕೈಯಲ್ಲೂ ಇವತ್ತು ಇದು ಇರುತ್ತದೆ. ಒಂದೇ ಒಂದು ಓಟು, ತನ್ನದು, ತನಗೇ ಹಾಕಿಕೊಂಡರೆ ಏನಾಗುತ್ತದೆ ಎನ್ನಿಸಿತು. ಮುದ್ರೆ ಹಿಡಿದ ಕೈಯನ್ನು ಕೊಡೆಯ ಮೇಲಕ್ಕೇ ತಂದಳು. ಹೊರಗೆ ಪೋಲೀಸಿನವನು ಬೇಗ ಬೇಗ ಎಂದ. ಕುಪ್ಪಮ್ಮ ಮರದ ಮೇಲೆ ಗಟ್ಟಿಯಾಗಿ ಒತ್ತಿ, ಕಾಗದ ಮಡಚಿ, ಪೆಟ್ಟಿಗೆಯೊಳಗೆ ಹಾಕಿ ಹೊರಗೆ ಬಂದಳು.

ಎಣಿಕೆ ಮುಗಿದಾಗ ತೋಟದ ಕುಪ್ಪಮ್ಮ ಗೆದ್ದಿದ್ದಳು. ತೀರ ಕಡಿಮೆ ಅಂತರ. ಕೊಡೆಗೆ ಇನ್ನೊಂದು ಹಿಡಿಯಷ್ಟು ಓಟು ಹೆಚ್ಚು ಬಿದ್ದಿದ್ದರೆ ನಟರಾಜನ್‌ನೇ ಅಧ್ಯಕ್ಷನಾಗುತ್ತಿದ್ದ. ಅಷ್ಟು ಹೇಳಿದರೂ ಕೊಡೆಗೆ ಕೆಲವು ಓಟು ಬಿದ್ದೇ ಇದ್ದವು. ಕುಪ್ಪಮ್ಮನಿಗೆ ಸಿಟ್ಟು ಬಂತು. ಕಳದ ಹೆಂಗಸರನ್ನು ನಿಲ್ಲಿಸಿ ಕೇಳಿದಳು.

“ಯಾರೇ ಅದು ಕೊಡೆಗೆ ಕುತ್ತಿದ್ದು? ಅಷ್ಟು ಬಡ್ಕೊಂಡೆನಲ್ಲ!”

ಎಲ್ಲರೂ ಮುಖ ಮುಖ ನೋಡಿಕೊಂಡರು. ಮಾರಿಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, “ಗೊತ್ತಿದ್ದೇ ಕುತ್ತಿದ್ದು ಅಕ್ಕ” ಎಂದಳು. “ನಮ್ಮವಳ ಹೆಸರು ಬಂದಿದೆ, ಒಂದಾದ್ರೂ ಬೀಳಲಿ ಅಂತ. ನಾನೊಬ್ಬಳೇ ಅಂದ್ಕೊಂಡೆ. ಎಲ್ಲರೂ ಹಂಗೇ ಅಂದ್ಕೊಂಡಿದಾರೆ.”

ಕುಪ್ಪಮ್ಮನಿಗೆ ಬೈಯಲೂ ಆಗಲಿಲ್ಲ, ನಗಲೂ ಆಗಲಿಲ್ಲ. “ಹಾಳಾಗಿ ಹೋಗಿ” ಎಂದು ತಿರುಗಿ ನಡೆದಳು. ಮನೆ ಮುಟ್ಟುವವರೆಗೆ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು.

ಮಿಲ್ಲಿನ ಕೆಲಸ ಮತ್ತೆ ಸಿಗಲಿಲ್ಲ. ಅವಳು ಪಕ್ಕದೂರಿನ ಅಕ್ಕಿ ಮಿಲ್ಲಿನಲ್ಲಿ ಭತ್ತ ಒಣಗಿಸುವ ಕೂಲಿಗೆ ಹೋದಳು. ದಿನಾ ಹೋಗಿಬರಲು ಉದ್ದ ದಾರಿ. ಚಿನ್ನಸಾಮಿ ಸಂತೆಗೆ ಸಾಮಾನು ಹೇರತೊಡಗಿದ. ಮೊದಲ ಕೆಲವು ತಿಂಗಳು ಕಷ್ಟವಾಯಿತು. ಎತ್ತು ಮಾರಬೇಕೇನೋ ಎಂಬ ಮಾತೂ ಬಂತು, ಮಾರಲಿಲ್ಲ.

ಹೊಸ ಅಧ್ಯಕ್ಷೆ ಓಣಿಯನ್ನು ಬಿಡಿಸಿದಳು. ತಾಲೂಕಿನಿಂದ ಸರ್ವೇಯರ್ ಬಂದು ಅಳೆದ ದಿನ ಊರಿನ ಅರ್ಧ ಜನ ಅಲ್ಲಿ ನಿಂತಿದ್ದರು. ಮುಳ್ಳುತಂತಿ ಹಿಂದಕ್ಕೆ ಹೋಯಿತು, ದನಗಳು ಮತ್ತೆ ಆ ದಾರಿಯಲ್ಲೇ ನೀರಿಗೆ ಹೋದವು. ಆದರೆ ಚಪ್ಪರ ಬರಲಿಲ್ಲ. ನಲ್ಲಿ ಬರಲಿಲ್ಲ. ಬೇಸಿಗೆ ಪೂರ್ತಿ ಕಳೆಯಿತು. ಕೇಳಿದರೆ, ನೋಡೋಣ, ನಟರಾಜನ್ ಕೋರ್ಟಿಗೆ ಹೋಗ್ತೀನಿ ಅಂತಿದ್ದಾನೆ, ಆತುರ ಬೇಡ ಎಂಬ ಉತ್ತರ.

ಒಂದು ಬೆಳಿಗ್ಗೆ ಕುಪ್ಪಮ್ಮ ಕೂಲಿಗೆ ಹೋಗದೆ ಪಂಚಾಯತ್ ಆಫೀಸಿಗೆ ಹೋದಳು. ಒಳಗೆ ಮೀಟಿಂಗು ನಡೆಯುತ್ತಿತ್ತು. ಬಾಗಿಲಲ್ಲಿ ತಡೆದವನನ್ನು ಸರಿಸಿ ಒಳಗೆ ಹೋಗಿ, ನೆಲದ ಮೇಲೆ ನಡುವೆ ಕೂತಳು.

“ಏನಿದು?” ಎಂದಳು ತೋಟದ ಕುಪ್ಪಮ್ಮ.

“ಏನೂ ಇಲ್ಲ ಅಕ್ಕ. ನೀವು ಹೂಂ ಅಂದಿದ್ರಿ. ಆ ಹೂಂ ಎಲ್ಲಿಗೆ ಬಂತು ಅಂತ ಕೇಳೋಕೆ ಬಂದೆ.”

“ಇಷ್ಟು ಜನದ ಮುಂದೆ ಕೇಳ್ಬೇಕಾ?”

“ನಿಮಗೆ ಓಟು ಹಾಕಿ ಅಂತ ನಾನು ಒಳಗೆ ಕೂತು ಹೇಳ್ಲಿಲ್ಲ. ಬೀದೀಲಿ ನಿಂತು ಹೇಳಿದೆ. ಆಗ ನಿಮಗೆ ಕಷ್ಟ ಆಗ್ಲಿಲ್ಲ.”

ಮೆಂಬರುಗಳಲ್ಲಿ ಒಬ್ಬ ಗದರಿಸಲು ಎದ್ದ. ತೋಟದ ಕುಪ್ಪಮ್ಮ ಕೈ ಎತ್ತಿ ಅವನನ್ನು ಕೂರಿಸಿದಳು. ಅವಳ ಮುಖ ಕೆಂಪಾಗಿತ್ತು. ಸಿಟ್ಟೋ ನಾಚಿಕೆಯೋ, ಬಹುಶಃ ಎರಡೂ. ಮುಂದಿದ್ದ ಕಾಗದಗಳನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಗುಮಾಸ್ತನಿಗೆ, “ಕಳದ ಚಪ್ಪರದ ವಿಷಯ ಮೊದಲು ತೆಗೀರಿ. ಉಳಿದದ್ದು ಆಮೇಲೆ” ಎಂದಳು.

ಜುಲೈ ನಡುವಿನ ಆಡಿ ತಿಂಗಳು ಹುಟ್ಟುವ ಮೊದಲೇ ಕಳದಲ್ಲಿ ತೆಂಗಿನಗರಿಯ ಚಪ್ಪರ ಎದ್ದಿತು, ಪಕ್ಕದಲ್ಲಿ ಒಂದು ನಲ್ಲಿ. ನಟರಾಜನ್ ಪಂಚಾಯತಿಯ ನೋಟೀಸಿಗೆ ಹೆದರಿಯೇ ಹಾಕಿಸಿದ್ದು. ಹಾಕಿಸಿದ ಮೇಲೆ ತಾನೇ ದಯೆಯಿಂದ ಹಾಕಿಸಿದೆ ಎಂದು ಹೇಳಿಕೊಂಡು ತಿರುಗಿದ. ಕುಪ್ಪಮ್ಮ ಬೇಲಿಯ ಆಚೆ ನಿಂತು ನೋಡಿದಳು. ಒಳಗೆ ಎರಡು ತೊಟ್ಟಿಲು ಕಟ್ಟಿದ್ದರು. ಓಣಿಯಲ್ಲಿ ದನ ಹೊಡೆದುಕೊಂಡು ಬಂದ ತೋಟದ ಕುಪ್ಪಮ್ಮ ಅವಳ ಪಕ್ಕದಲ್ಲಿ ನಿಂತಳು.

“ಈಗ ಸಮಾಧಾನವಾ?”

“ಗರಿ ಚಪ್ಪರ. ಎರಡು ಮಳೆಗೆ ಕೊಳೀತದೆ. ಹೆಂಚು ಹಾಕಿಸ್ಬೇಕಿತ್ತು.”

“ನಿನಗೆ ಎಷ್ಟು ಮಾಡಿದ್ರೂ ಸಾಲದು.”

“ಸಾಲದು ಅಕ್ಕ. ಮುಂದಿನ ಸಲ ನಾನೇ ನಿಲ್ತೀನಿ. ನಿಜವಾಗಿ ನಿಲ್ತೀನಿ.”

ತೋಟದ ಕುಪ್ಪಮ್ಮ ಅವಳ ಕಡೆ ತಿರುಗಿ ನೋಡಿದಳು. “ಆಗ ನಾನೇನು ಮಾಡ್ಲಿ?”

“ನೀವೂ ನಿಲ್ಲಿ” ಎಂದಳು ಕುಪ್ಪಮ್ಮ. “ಎದುರಿಗೇ ನಿಲ್ಲಿ. ಜನ ನೋಡಿ ಆರಿಸ್ಕೊಳ್ಳಲಿ.”

ದನಗಳು ಮುಂದೆ ಹೋಗಿಬಿಟ್ಟಿದ್ದವು. ತೋಟದವಳು ಕೋಲು ಎತ್ತಿಕೊಂಡು ಅವುಗಳ ಹಿಂದೆ ಹೊರಟಳು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಅಕ್ಕಿ ಮಿಲ್ಲಿನ ಅಂಗಳದಲ್ಲಿ ಭತ್ತ ಹರಡಿಬಿಟ್ಟು ಬಂದಿದ್ದ ಕುಪ್ಪಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೇಗ ಬೇಗ ಹೆಜ್ಜೆ ಹಾಕಿದಳು.